ಹುಡುಕಿದರೂ ಸಿಗದ ಬೋರ್ಡೋ ದ್ರಾವಣ: ಒಂದು ಕನ್ನಡ ಪುಟದ ರಿಪೇರಿ

ರಿಪೇರಿಗೆ ಬಂದದ್ದು ಅಡಿಕೆ ಕೃಷಿಯ ಹಳೆಯ ಕನ್ನಡ ಜಾಲತಾಣ. ನಡೆಯುವುದು ವರ್ಡ್‌ಪ್ರೆಸ್ ಎಂಬ, ತಾಣ ಕಟ್ಟುವ ತಂತ್ರಾಂಶದ ಮೇಲೆ. ಅದರಲ್ಲೂ ಮುಖ್ಯವಾಗಿ ಒಂದು ಪುಟ: ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ, ತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ ಎಂಬುದು. ಮಳೆಗಾಲ ಹಿಡಿಯುವ ಮುಂಚೆ ಮಲೆನಾಡು, ಕರಾವಳಿಯ ಬೆಳೆಗಾರರು ಫೋನಿನಲ್ಲಿ ಹುಡುಕುವ ವಿಷಯ ಇದು. ಮಾಹಿತಿಯಲ್ಲಿ ತಪ್ಪಿರಲಿಲ್ಲ. ಆದರೆ ಪುಟದ ಶೀರ್ಷಿಕೆಯನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೂ ಗೂಗಲ್‌ನಲ್ಲಿ ಅದು ಬರುತ್ತಿರಲಿಲ್ಲ.

ಕೀವರ್ಡ್ (ಜನ ಹುಡುಕುವ ಪದ) ಸಾಲದು, ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ಬರುವ ಕೊಂಡಿ) ಸಾಲದು ಎಂಬ ಸಲಹೆ ಇಂಥ ಕಡೆ ಮೊದಲು ಬರುತ್ತದೆ. ಹಳೆಯ ಕನ್ನಡ ತಾಣಗಳಲ್ಲಿ ಅದು ಮೂರನೆಯದೋ ನಾಲ್ಕನೆಯದೋ ಕಾರಣ. ಮೊದಲು ನೋಡಬೇಕಾದದ್ದು ಅಕ್ಷರ. ತೆರೆಯ ಮೇಲೆ ಕಾಣುವ ಕನ್ನಡ ಒಂದು, ಫೈಲಿನೊಳಗೆ ಕೂತಿರುವುದು ಇನ್ನೊಂದು ಆಗಿದ್ದರೆ ಮುಂದಿನ ಯಾವ ಕೆಲಸವೂ ಹತ್ತುವುದಿಲ್ಲ. ಹಾಗಾಗಿ ಕ್ರಮ ಹೀಗಿತ್ತು: ಅಕ್ಷರ, ವಿಳಾಸ, ಬರಹ, ಆಮೇಲೆ ಉಳಿದ ಚಿಲ್ಲರೆ ಕೆಲಸ.

ತಪಾಸಣೆ

ತಾಣದ ಒಡೆಯರಿಗೆ ಗೂಗಲ್ ಕೊಡುವ ಉಪಕರಣವಾದ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಹಾಕಿದಾಗ ಬಂದ ಉತ್ತರ: ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ. ಗೂಗಲ್ ಬಂದು ನೋಡಿದೆ, ತನ್ನ ಹುಡುಕು ಪಟ್ಟಿಯಲ್ಲಿ ಇಟ್ಟುಕೊಂಡಿಲ್ಲ ಎಂದರ್ಥ. 'ಕಂಡುಬಂದಿದೆ, ಇಂಡೆಕ್ಸ್ ಆಗಿಲ್ಲ' ಎಂಬ ಇನ್ನೊಂದು ಸ್ಥಿತಿಯೂ ಇದೆ. ಅದರಲ್ಲಿ ವಿಳಾಸ ಗೊತ್ತಾಗಿರುತ್ತದೆ, ಪುಟವನ್ನು ಇನ್ನೂ ತೆರೆದಿರುವುದಿಲ್ಲ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪುಟದೊಳಗೆ ಕಾರಣ ಹುಡುಕಬೇಕು, ಎರಡನೆಯದಕ್ಕೆ ಸರ್ವರ್ ವೇಗ, ಒಳಕೊಂಡಿ, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ನೋಡಬೇಕು.

ಅದೇ ಉಪಕರಣದಲ್ಲಿ ಲೈವ್ ಟೆಸ್ಟ್ ಒತ್ತಿದರೆ ಗೂಗಲ್‌ಗೆ ಸಿಕ್ಕ ಎಚ್‌ಟಿಎಂಎಲ್ ಅನ್ನೇ ತೋರಿಸುತ್ತದೆ. ಕೊಳಕು ಹೊರಬಿದ್ದದ್ದು ಅಲ್ಲಿ. ಪುಟದ ಮೇಲರ್ಧ ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಬಗೆ. ಕೆಳಗಿನ ಅರ್ಧ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿ ಹಾಗೇ ಅಂಟಿಸಿದ್ದು. ಫಾಂಟ್ ಫೈಲ್ ತಾಣದಲ್ಲೇ ಇದ್ದುದರಿಂದ ಓದುಗರ ಕಣ್ಣಿಗೆ ಕನ್ನಡ ಕಾಣುತ್ತಿತ್ತು; ಯಂತ್ರಕ್ಕೆ ಸಿಗುತ್ತಿದ್ದುದು ಕೊಂಬು, ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳ ರಾಶಿ. ಪ್ರಮಾಣದ ಕೋಷ್ಟಕ ಚಿತ್ರದ ರೂಪದಲ್ಲಿತ್ತು. ಹುಡುಕುವವರು ಕೇಳುವ ಉತ್ತರವೆಲ್ಲ ಈ ಎರಡು ಭಾಗಗಳಲ್ಲೇ.

ಸರ್ಚ್ ಕನ್ಸೋಲ್ ಇಲ್ಲದವರೂ ಇದನ್ನು ಕಂಡುಹಿಡಿಯಬಹುದು. ಪುಟದಿಂದ ಒಂದು ಸಾಲು ಆಯ್ದು ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಗೋಜಲಾಗಿ ಬಂದರೆ ಆಸ್ಕಿ. ಪ್ರತಿ ಪುಟದಲ್ಲೂ ಮೂರು ಕಡೆಯಿಂದ ಸಾಲು ತೆಗೆದು ನೋಡಬೇಕು, ಅರ್ಧಕ್ಕರ್ಧ ಬೆರೆತ ಪುಟಗಳೇ ಹೆಚ್ಚು.

ಅಕ್ಷರ ರಿಪೇರಿ

ಮೊದಲು ಡೇಟಾಬೇಸ್‌ನ ಪೂರ್ತಿ ಬ್ಯಾಕಪ್. ಕೆಲಸವೆಲ್ಲ ನಕಲಿ ತಾಣದ, ಅಂದರೆ ಪರೀಕ್ಷೆಗೆ ಮಾಡಿಕೊಂಡ ತಾಣದ ನಕಲಿನ ಮೇಲೆ. ಟೇಬಲ್‌ಗಳು ಯುಟಿಎಫ್‌8ಎಂಬಿ4 ಎಂಬ, ಎಲ್ಲ ಲಿಪಿ ಹಿಡಿಸುವ ಸಂಕೇತ ಕ್ರಮದಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು. ಲ್ಯಾಟಿನ್1 ಟೇಬಲ್‌ಗೆ ಕನ್ನಡ ಬರೆದರೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಅದನ್ನು ಮತ್ತೆ ಕನ್ನಡ ಮಾಡಲು ಆಗುವುದಿಲ್ಲ.

ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕಗಳು ಬೇಕಾದಷ್ಟಿವೆ. ಯಾವುದನ್ನು ಬಳಸಿದರೂ ಕೆಡುವ ಜಾಗ ಎರಡು.

ಒಂದು, ಅರ್ಕಾವತ್ತು. ಆಸ್ಕಿ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡದಿದ್ದರೆ 'ವರ್ಷ' ಹೋಗಿ 'ವಷರ್', 'ಕಾರ್ಯ' ಹೋಗಿ 'ಕಾಯರ್' ಆಗುತ್ತದೆ. ಪರಿವರ್ತನೆ ಆದಮೇಲೆ 'ಷರ್', 'ಯರ್', 'ಣರ್' ಎಂದು ಕೊನೆಯಾಗುವ ಪದಗಳನ್ನು ಹುಡುಕಿ ಒಂದೊಂದಾಗಿ ನೋಡಬೇಕು. ಕಣ್ಣುಮುಚ್ಚಿ ಬದಲಿಸಿದರೆ 'ಪ್ರೆಷರ್', 'ಸ್ಪ್ರೇಯರ್' ಥರದ ಸರಿಯಾದ ಪದಗಳೂ ಕೆಡುತ್ತವೆ.

ಎರಡು, ನಡುವೆ ಇರುವ ನಿಜವಾದ ಇಂಗ್ಲಿಷ್. ಔಷಧದ ಬ್ರ್ಯಾಂಡ್ ಹೆಸರು, ಅಳತೆಯ ಸಂಕ್ಷೇಪ, ಇಮೇಲ್ ವಿಳಾಸ ಎಲ್ಲವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಪರಿವರ್ತಿಸುವ ಮುಂಚೆ ಅವನ್ನು ಕತ್ತರಿಸಿ ಬೇರೆ ಇಟ್ಟುಕೊಂಡು, ಆಮೇಲೆ ಮರಳಿ ಕೂರಿಸಬೇಕು.

ಯೂನಿಕೋಡ್‌ನಲ್ಲೇ ಇದ್ದ ಮೇಲರ್ಧವೂ ಶುದ್ಧವಾಗಿರಲಿಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿತ್ತು. 'ಒಂದು' ಮತ್ತು 'ಒ೦ದು' ನೋಡಲು ಒಂದೇ. ಆದರೆ ಮೊದಲನೆಯದರಲ್ಲಿರುವ ಅನುಸ್ವಾರದ ಯೂನಿಕೋಡ್ ಸಂಖ್ಯೆ ದಶಮಾನದಲ್ಲಿ 3202, ಎರಡನೆಯದರಲ್ಲಿರುವ ಸೊನ್ನೆಯದು 3302. ಯಂತ್ರಕ್ಕೆ ಇವು ಬೇರೆ ಬೇರೆ ಪದ. 'ಸಿಂಪಡಣೆ', 'ಹಿಂಗಾರ', 'ತೆಂಗು' ಎಲ್ಲದರಲ್ಲೂ ಹೀಗೆ ಸೊನ್ನೆ ಬಿದ್ದಿದ್ದರೆ ಹುಡುಕುವವರ ಪದಕ್ಕೂ ಪುಟದ ಪದಕ್ಕೂ ತಾಳೆಯಾಗುವುದು ಗೂಗಲ್‌ನ ಕಾಗುಣಿತ ತಿದ್ದುವ ಕೃಪೆಯಿಂದ ಮಾತ್ರ. ತಾಣದ ಒಳಗಿನ ಹುಡುಕುಪೆಟ್ಟಿಗೆಗೆ ಆ ಕೃಪೆಯೂ ಇಲ್ಲ.

ತಿದ್ದುವ ನಿಯಮ ಸರಳ. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದು ಅನುಸ್ವಾರ. ಹಿಂದೆ ಅಂಕಿ ಇದ್ದರೆ ಸೊನ್ನೆಯೇ, ಮುಟ್ಟಬೇಡಿ. ಇದರ ತಿರುವು ತಪ್ಪೂ ಸಿಗುತ್ತದೆ: '೧೦೦' ಎಂಬಲ್ಲಿ ಅಂಕಿಯ ಮುಂದೆ ಎರಡು ಅನುಸ್ವಾರ ಒತ್ತಿರುವುದು. ಪ್ರಮಾಣ ಹೇಳುವ ಪುಟಗಳಲ್ಲಿ 1, 50, 100 ಎಂದೇ ಬರೆಯುವುದು ಒಳ್ಳೆಯದು, ಹುಡುಕುವವರೂ ಹಾಗೇ ಒತ್ತುತ್ತಾರೆ.

ಬದಲಾವಣೆಯನ್ನು ನೇರವಾಗಿ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಓಡಿಸದೆ ವರ್ಡ್‌ಪ್ರೆಸ್‌ನ ಆದೇಶ ಸಾಲಿನ ಉಪಕರಣವಾದ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್‌ನಲ್ಲಿ, ಮೊದಲು ಡ್ರೈ ರನ್ (ಏನನ್ನೂ ಬದಲಿಸದ ಪರೀಕ್ಷೆ) ಮಾಡಿ ಓಡಿಸಬೇಕು. ವರ್ಡ್‌ಪ್ರೆಸ್ ಕೆಲವು ದತ್ತಾಂಶವನ್ನು ಪ್ರತಿ ಪಠ್ಯದ ಬೈಟ್ ಉದ್ದದ ಜೊತೆ ಕಟ್ಟಿ ಇಡುತ್ತದೆ. ಉದ್ದ ಬದಲಾಗಿ ಲೆಕ್ಕ ತಪ್ಪಿದರೆ ಆ ವಿಜೆಟ್ಟೋ ಸೆಟ್ಟಿಂಗೋ ಖಾಲಿಯಾಗುತ್ತದೆ. ಸೊನ್ನೆ, ಅನುಸ್ವಾರ ಎರಡೂ ಮೂರು ಮೂರು ಬೈಟ್, ಹಾಗಾಗಿ ಅದೊಂದು ಬದಲಾವಣೆಗೆ ಈ ಭಯವಿಲ್ಲ. ಆಸ್ಕಿ ಪರಿವರ್ತನೆಗೆ ಖಂಡಿತ ಇದೆ.

ಕಣ್ಣಿಗೆ ಕಾಣದ ಜೋಡಕಗಳು ಮುಂದಿನ ತೊಡಕು. 'ಲೀಟರ್‌ಗೆ', 'ಡ್ರಮ್‌ನಲ್ಲಿ' ಎಂಬಲ್ಲಿ ಅರ್ಧಾಕ್ಷರದ ನಂತರ 8204 ಸಂಖ್ಯೆಯ ಅಗಲಿಸುವ ಚಿಹ್ನೆ ಇರುತ್ತದೆ. 'ಶುಚಿಗೊಳಿಸುವ' ಪ್ಲಗಿನ್‌ಗಳು ಇದನ್ನು ಕಸವೆಂದು ತೆಗೆದುಹಾಕುತ್ತವೆ, ಆಗ 'ಲೀಟರ್‌ಗೆ' ಹೋಗಿ ಗಕಾರದ ಮೇಲೆ ಅರ್ಕಾವತ್ತು ಹತ್ತುತ್ತದೆ. ಪದದ ನಡುವಿನದನ್ನು ಬಿಡಿ. ಪದದ ಕೊನೆಯಲ್ಲಿ ನೇತಾಡುವುದನ್ನೂ ಒಂದರ ಹಿಂದೆ ಒಂದು ಎರಡು ಸಲ ಬಿದ್ದದ್ದನ್ನೂ ಮಾತ್ರ ತೆಗೆಯಿರಿ. ಕೊನೆಗೆ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಕೂಡಿಸುವ ಯೂನಿಕೋಡ್ ರೂಪಕ್ಕೆ ತಂದರೆ, ಎತ್ವ ಇಲ್ಲವೇ ಒತ್ವ ಮತ್ತು ದೀರ್ಘ ಎಂದು ಎರಡು ತುಂಡಾಗಿ ಕೂತಿದ್ದ 'ೇ', 'ೋ'ಗಳು ಒಂದೇ ಸಂಕೇತವಾಗುತ್ತವೆ.

ಕೋಷ್ಟಕದ ಚಿತ್ರಕ್ಕೆ ಉಪಾಯವಿಲ್ಲ, ಕೂತು ಟೈಪಿಸಬೇಕು. ಗೂಗಲ್ ಲೆನ್ಸ್ ಕನ್ನಡ ಓದಿ ಕೊಡುತ್ತದೆ, ಕೆಲಸ ಅರ್ಧ ಕಮ್ಮಿಯಾಗುತ್ತದೆ; ಅಂಕಿಗಳನ್ನು ಮಾತ್ರ ಮೂಲದೊಡನೆ ಕೈಯಾರೆ ತಾಳೆ ನೋಡಿ. ತುತ್ತದ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಹೋಗುವುದು ರ‍್ಯಾಂಕ್ ಅಲ್ಲ, ಮರದ ಹಿಂಗಾರ (ಹೂಗೊಂಚಲು).

ವಿಳಾಸ

ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಕನ್ನಡದ ಒಂದು ಸಂಕೇತ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಸೇರಿ ಒಟ್ಟು ಒಂಬತ್ತು. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡುವ ಜಾಗ 200. ಅಂದರೆ 22 ಸಂಕೇತಕ್ಕೆ ಬಾಗಿಲು ಮುಚ್ಚುತ್ತದೆ. ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಸಂಕೇತ ಎಂಬುದನ್ನು ಮರೆಯಬೇಡಿ.

ಈ ಪುಟದ್ದೇ ಲೆಕ್ಕ: 'ಅಡಿಕೆ' 5, 'ಕೊಳೆರೋಗಕ್ಕೆ' 11, 'ಬೋರ್ಡೋ' 6. ಒಟ್ಟು 22, ಗುಣಿಸು ಒಂಬತ್ತು 198, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. 'ದ್ರಾವಣ' ವಿಳಾಸದೊಳಗೆ ಹೋಗಲೇ ಇಲ್ಲ. ಅದೇ ಮೂರು ಪದಗಳಿಂದ ಶುರುವಾಗುವ ಇನ್ನೊಂದು ಲೇಖನ ಬಂದಾಗ ಅದರ ಬಾಲಕ್ಕೆ '2' ಸೇರಿತು. ಎರಡು ಪುಟಗಳ ವಿಳಾಸ ನೋಡಿ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಕನ್ನಡ ವಿಳಾಸವನ್ನು ಗೂಗಲ್ ಚೆನ್ನಾಗಿಯೇ ಓದುತ್ತದೆ. ವಿಳಾಸದಲ್ಲಿರುವ ಪದಗಳಿಂದ ರ‍್ಯಾಂಕ್‌ಗೆ ಆಗುವ ಲಾಭ ಹೆಚ್ಚೇನಿಲ್ಲ. ತೊಂದರೆ ಇರುವುದು ಹಂಚುವಾಗ: ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಕಂಡು ಜನ ಒತ್ತಲು ಹಿಂಜರಿಯುತ್ತಾರೆ, ಕೆಲವು ಆ್ಯಪ್‌ಗಳಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಹೊಸ ಪುಟಗಳಿಗೆ ಎರಡು ಮೂರು ಪದದ, ಇಂಗ್ಲಿಷ್ ಲಿಪಿಯ ವಿಳಾಸ ಕೊಡುವುದೇ ವಾಸಿ. ಕನ್ನಡದಲ್ಲೇ ಬೇಕೆಂದರೆ ಚಿಕ್ಕದಾಗಿರಲಿ. ಹಳೆಯ ಪುಟಕ್ಕೆ ಈಗಾಗಲೇ ಜನ ಬರುತ್ತಿದ್ದರೆ ವಿಳಾಸ ಬದಲಿಸುವ ಚಪಲ ಬೇಡ. ಈ ಪುಟಕ್ಕೆ ಯಾರೂ ಬರುತ್ತಿರಲಿಲ್ಲ, ಹಾಗಾಗಿ ಬದಲಿಸಿ ಹಳೆಯದರಿಂದ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಶಾಶ್ವತ ತಿರುವು) ಹಾಕಲಾಯಿತು. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಬೇಕು; ತೆಗೆಯುವ ಕಾರಣವಿಲ್ಲದಿದ್ದರೆ ಇದ್ದೇ ಇರಲಿ.

ಇದೇ ತಾಣದಲ್ಲಿ ಬೋರ್ಡೋ ಬಗ್ಗೆ ಇನ್ನೂ ಎರಡು ಚಿಕ್ಕ ಲೇಖನಗಳಿದ್ದವು. ಮೂರೂ ಒಂದೇ ಪ್ರಶ್ನೆಗೆ ಪೈಪೋಟಿ. ಕೆಲಸಕ್ಕೆ ಬರುವ ಪ್ಯಾರಾಗಳನ್ನು ಒಂದಕ್ಕೆ ಸೇರಿಸಿ ಉಳಿದೆರಡನ್ನು ಅಲ್ಲಿಗೆ ತಿರುಗಿಸಲಾಯಿತು.

ಹುಡುಕುವವರ ಮಾತು

ಕೀವರ್ಡ್ ಉಪಕರಣಗಳನ್ನು ಕನ್ನಡಕ್ಕೆ ನಂಬಿ ಕೂರುವಂತಿಲ್ಲ. ಜನ ಹುಡುಕುವ ಪದಕ್ಕೂ ಸೊನ್ನೆ ತೋರಿಸುತ್ತವೆ. ಸರ್ಚ್ ಕನ್ಸೋಲ್‌ನ ಕ್ವೆರಿ ಪಟ್ಟಿ ಅದಕ್ಕಿಂತ ಮೇಲು, ಆದರೆ ಅಪರೂಪದ ಹುಡುಕಾಟಗಳನ್ನು ಅದು ಗುಟ್ಟಾಗಿಡುತ್ತದೆ; ಪಟ್ಟಿಯ ಕ್ಲಿಕ್‌ಗಳನ್ನು ಕೂಡಿದರೆ ಒಟ್ಟು ಸಂಖ್ಯೆಗೆ ಹೊಂದದಿರುವುದು ಅದಕ್ಕೇ. ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿ ಗೂಗಲ್ ಪೆಟ್ಟಿಗೆಯಲ್ಲಿ 'ಅಡಿಕೆ ಕೊ' ಎಂದು ಒತ್ತಿ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಒತ್ತಿಯೂ ನೋಡಿ, ಹಾಗೆ ಹುಡುಕುವವರು ಕಮ್ಮಿಯಿಲ್ಲ. ಅವರಿಗಾಗಿ ಪುಟದಲ್ಲಿ ಇಂಗ್ಲಿಷ್ ಲಿಪಿಯ ಕನ್ನಡ ತುರುಕಬೇಕಾಗಿಲ್ಲ, ಅದು ಓದುಗರಿಗೆ ಅಸಹ್ಯ. ವಿಳಾಸ ಆ ಲಿಪಿಯಲ್ಲಿದ್ದರೆ ಸಾಕು.

ಒಂದೇ ವಸ್ತುವಿಗೆ ಊರಿಗೊಂದು ಹೆಸರು. ಕೊಳೆರೋಗ, ಕೊಳೆ, ಮಹಾಳಿ. ಮೈಲುತುತ್ತು, ತುತ್ತ, ಕಾಪರ್ ಸಲ್ಫೇಟ್. ಬೋರ್ಡೋ ದ್ರಾವಣ, ಬೋರ್ಡೋ ಮಿಶ್ರಣ. ಒಂದು ಕಡೆ ಔಷಧಿ ಹೊಡೆಯುತ್ತಾರೆ, ಇನ್ನೊಂದು ಕಡೆ ಮದ್ದು ಬಿಡುತ್ತಾರೆ. ಇವನ್ನೆಲ್ಲ ಶೀರ್ಷಿಕೆಯಲ್ಲಿ ಪೋಣಿಸಿದರೆ ಸಂತೆಯ ಕೂಗಿನಂತಾಗುತ್ತದೆ. ಒಂದು ಹೆಸರನ್ನು ಮುಖ್ಯವಾಗಿ ಹಿಡಿದು, ಒಂದೇ ಕಾಗುಣಿತದಲ್ಲಿ ಪುಟದುದ್ದಕ್ಕೂ ಬಳಸಿ. ಉಳಿದವು ಮಾತಿನ ನಡುವೆ ಒಮ್ಮೊಮ್ಮೆ ಬರಲಿ. ಕೀವರ್ಡ್ ಇಷ್ಟು ಶೇಕಡಾ ಇರಬೇಕೆಂಬ ಲೆಕ್ಕ ಕನ್ನಡದಲ್ಲಂತೂ ನಗೆಪಾಟಲು. 'ಕೊಳೆರೋಗಕ್ಕೆ', 'ಕೊಳೆರೋಗದಿಂದ', 'ಕೊಳೆರೋಗವಿದ್ದ' ಎಂದು ಪದ ರೂಪ ಬದಲಿಸುತ್ತಲೇ ಇರುವಾಗ ಎಣಿಸುವುದು ಯಾವುದನ್ನು? ಕೀವರ್ಡ್ ಮೆಟಾ ಟ್ಯಾಗ್ (ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಇಡುವ ಕೀವರ್ಡ್ ಪಟ್ಟಿ) ತುಂಬಿಸುವವರೂ ಇನ್ನೂ ಇದ್ದಾರೆ. ಅದನ್ನು ರ‍್ಯಾಂಕ್‌ಗೆ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಬರಹ

ಹಳೆಯ ಪುಟ ಶುರುವಾಗುತ್ತಿದ್ದುದು ಅಡಿಕೆಯ ಇತಿಹಾಸದಿಂದ. ಆಮೇಲೆ ಮಲೆನಾಡಿನ ಸೊಬಗು, ಆಮೇಲೆ ರೋಗದ ಪರಿಚಯ. ಪ್ರಮಾಣ ಸಿಗುವುದು ಮೂರು ತೆರೆ ಕೆಳಗೆ, ಅದೂ ಚಿತ್ರದಲ್ಲಿ. ತೋಟದಲ್ಲಿ ಡ್ರಮ್ ಮುಂದೆ ನಿಂತು ಫೋನ್ ತೆಗೆದವರಿಗೆ ಇದು ಬೇಕಿಲ್ಲ. ಹೊಸ ಮೊದಲ ಪ್ಯಾರಾ ಹೀಗಿದೆ:

"ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು ಬೇಕು. ತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಮಾಡಿದ ದಿನವೇ ಸಿಂಪಡಿಸಿ ಮುಗಿಸಿ."

ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ, ಬರೆದಿದ್ದಾರೆ ಕೂಡ. ಪುಟ ಮೇಲೇರಬೇಕಾದರೆ ಇದರ ಕೆಳಗೆ ಏನಿದೆ ಎಂಬುದು ಮುಖ್ಯ. ಅಲ್ಲಿ ಸೇರಿದ್ದು: ಕಬ್ಬಿಣದ ಪಾತ್ರೆ ಏಕೆ ಬೇಡ (ತಾಮ್ರ ಅದಕ್ಕೆ ಹತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಡ್ರಮ್ ಸಾಕು). ಸುಣ್ಣದ ನೀರನ್ನು ತುತ್ತಕ್ಕೆ ಸುರಿದರೆ ಏನಾಗುತ್ತದೆ (ಗಸಿ ದಪ್ಪವಾಗಿ ಬೇಗ ತಳಕ್ಕಿಳಿದು ನಾಝಲ್ ಕಟ್ಟುತ್ತದೆ). ಹದ ಪರೀಕ್ಷಿಸುವುದು ಹೇಗೆ: ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಲೇಪ ಬಾರದ ತನಕ ಸುಣ್ಣದ ನೀರು ಸೇರಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಕಳೆದು. ಹಳೆಯ ಸುಣ್ಣ ಗಾಳಿಗೆ ಸತ್ತಿದ್ದರೆ ಸಮತೂಕದ ಲೆಕ್ಕ ತಪ್ಪುತ್ತದೆ ಎಂಬ ಎಚ್ಚರಿಕೆಯೂ ಬಂತು. ಚಾಕುವಿನ ಎರಡು ಫೋಟೋ, ಲೇಪ ಹತ್ತಿದ್ದು ಮತ್ತು ಹತ್ತದ್ದು, ತೋಟದಲ್ಲೇ ತೆಗೆದದ್ದು. ಬೇರೆಡೆಯಿಂದ ಎತ್ತಿದ ಚಿತ್ರಕ್ಕಿಂತ ಇಂಥ ಒಂದು ಜೋಡಿ ಹೆಚ್ಚು ಕೆಲಸ ಮಾಡುತ್ತದೆ, ಪುಟ ನೋಡಿದವರು ಹಿಂದಕ್ಕೆ ಹೋಗಿ ಇನ್ನೊಂದು ಫಲಿತಾಂಶ ಒತ್ತುವ ಅಗತ್ಯವೇ ಬೀಳುವುದಿಲ್ಲ.

ಪುಟದ ಮೇಲೆ ಬರೆದವರ ಹೆಸರು, ತಿದ್ದಿದ ದಿನಾಂಕ. ಪ್ರಮಾಣದ ಪಕ್ಕದಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿಗೆ ಕೊಂಡಿ. ದಿನಾಂಕ ಮಾತ್ರ ಬದಲಿಸಿ ಪಠ್ಯ ಹಾಗೇ ಬಿಡುವ ಚಾಳಿಯಿಂದ ಪ್ರಯೋಜನವಿಲ್ಲ.

ಶೀರ್ಷಿಕೆ: "ಬೋರ್ಡೋ ದ್ರಾವಣ ತಯಾರಿ: ಅಡಿಕೆ ಕೊಳೆರೋಗಕ್ಕೆ ಶೇ. 1ರ ಪ್ರಮಾಣ". ಗೂಗಲ್ ಶೀರ್ಷಿಕೆಯನ್ನು ಅಕ್ಷರ ಎಣಿಸಿ ಕತ್ತರಿಸುವುದಿಲ್ಲ, ತೆರೆಯ ಮೇಲಿನ ಅಗಲ ನೋಡಿ ಕತ್ತರಿಸುತ್ತದೆ. ಕನ್ನಡ ಅಕ್ಷರ ಅಗಲ, ಹಾಗಾಗಿ ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವ 60 ಅಕ್ಷರದ ಲೆಕ್ಕ ಇಲ್ಲಿ ನಡೆಯದು. ಮುಖ್ಯ ಪದ ಮುಂದಿರಲಿ, ತಾಣದ ಹೆಸರು ಕೊನೆಗೆ. ವಿವರಣೆಯ ಮೆಟಾ ಟ್ಯಾಗ್‌ನಲ್ಲಿ ಪ್ರಮಾಣವನ್ನೇ ಬರೆದಿದೆ. ಗೂಗಲ್ ಅದನ್ನು ಬಿಟ್ಟು ಪುಟದ ಬೇರೆ ಸಾಲು ತೋರಿಸಿದರೂ ನಷ್ಟವಿಲ್ಲ.

ತಾಣದ ಬೇರೆ ಪುಟಗಳಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಎಂದಿದ್ದ ಕೊಂಡಿಗಳೆಲ್ಲ 'ಬೋರ್ಡೋ ದ್ರಾವಣ ತಯಾರಿಸುವ ಕ್ರಮ' ಎಂದಾದವು. ಕೊಟ್ಟೆ ಕಟ್ಟುವುದರ (ಗೊನೆಗೆ ಮಳೆ ತಾಗದಂತೆ ಹೊದಿಸುವುದು) ಪುಟ, ಹಿಂಗಾರ ಒಣಗುವುದರ ಪುಟ ಇಲ್ಲಿಗೆ ಸಹಜವಾಗಿ ಕೊಂಡಿ ಕೊಡಬೇಕಾದವು, ಕೊಟ್ಟಿರಲಿಲ್ಲ.

ಚಿಲ್ಲರೆ ಕೆಲಸ

ತಾಣದ ಭಾಷೆ ಅಮೆರಿಕದ ಇಂಗ್ಲಿಷ್ ಎಂದಿತ್ತು, ಕನ್ನಡ ಮಾಡಲಾಯಿತು. ಗೂಗಲ್ ಭಾಷೆ ತಿಳಿಯುವುದು ಪಠ್ಯ ನೋಡಿಯೇ, ಆದರೆ ಬ್ರೌಸರ್ ಅನುವಾದದ ಪಟ್ಟಿ ತೋರಿಸುವುದಕ್ಕೂ ದೃಷ್ಟಿಹೀನರ ಓದುತಂತ್ರಾಂಶ ಸರಿಯಾದ ಉಚ್ಚಾರ ಹಿಡಿಯುವುದಕ್ಕೂ ಇದು ಬೇಕು. ನೋಟೋ ಸಾನ್ಸ್ ಕನ್ನಡ ಫಾಂಟನ್ನು ವೋಫ್2 ಎಂಬ ಹಗುರ ರೂಪದಲ್ಲಿ, ಫಾಂಟ್ ಬರುವ ತನಕ ಬೇರೆ ಫಾಂಟಿನಲ್ಲಿ ಪಠ್ಯ ತೋರಿಸುವ ಸ್ವಾಪ್ ಆಯ್ಕೆಯೊಡನೆ ಹಾಕಿದ್ದು. ಫಾಂಟನ್ನು ಕತ್ತರಿಸಿ ಹಗುರ ಮಾಡುವಾಗ ಕನ್ನಡದ 3200ರಿಂದ 3327ರ ವ್ಯಾಪ್ತಿ ಮಾತ್ರ ಉಳಿಸಿಕೊಂಡರೆ ಜೋಡಕಗಳಾದ 8204, 8205 ಹೊರಗುಳಿದು 'ರ‍್ಯಾಂಕ್' ಥರದ ಪದ ಒಡೆಯುತ್ತದೆ. ಅವೆರಡನ್ನೂ ರೂಪಾಯಿ ಚಿಹ್ನೆಯನ್ನೂ ಸೇರಿಸಿ.

ಫೋಟೋಗಳು ಫೋನಿನಿಂದ ನೇರ ಬಂದವು, ಒಂದೊಂದೂ ಹಲವು ಎಂಬಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಹಗುರ ಚಿತ್ರರೂಪವಾದ ವೆಬ್‌ಪಿ ಮಾಡಿ, ಅಗಲ ಎತ್ತರ ನಮೂದಿಸಿದರೆ ಪುಟ ಕುಣಿಯುವುದು ನಿಲ್ಲುತ್ತದೆ. ಗೂಗಲ್ ಹೇಳುವ ಗುರಿಗಳು: ದೊಡ್ಡ ಭಾಗ ಕಾಣಲು 2.5 ಸೆಕೆಂಡ್, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್, ಪುಟದ ಕುಣಿತ 0.1. ಓದುಗರು ಕಮ್ಮಿ ಇರುವ ತಾಣಕ್ಕೆ ಗೂಗಲ್ ಬಳಿ ನಿಜ ಬಳಕೆಯ ಅಳತೆ ಇರುವುದಿಲ್ಲ, ಗೂಗಲ್‌ನ ಪರೀಕ್ಷಾ ಉಪಕರಣವಾದ ಲೈಟ್‌ಹೌಸ್ ಅಂಕದಲ್ಲೇ ತೃಪ್ತಿಪಡಬೇಕು. ನೂರಕ್ಕೆ ನೂರು ತರಲು ವಾರಗಟ್ಟಲೆ ಕೂರುವುದು ದಂಡ.

ಪ್ರಶ್ನೋತ್ತರದ ಸ್ಕೀಮಾ (ಹುಡುಕಾಟ ಯಂತ್ರಕ್ಕೆಂದು ಬರೆಯುವ ಗುರುತು) ತುಂಬಿದ್ದ ಪ್ಲಗಿನ್ ಕಿತ್ತುಹಾಕಲಾಯಿತು. 2023ರ ಆಗಸ್ಟ್‌ನಲ್ಲೇ ಗೂಗಲ್ ಆ ಬಗೆಯ ಫಲಿತಾಂಶವನ್ನು ಹೆಸರುವಾಸಿ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು. 'ಹೇಗೆ ಮಾಡುವುದು' ಬಗೆಯದೂ ಅದೇ ವರ್ಷ ಹೋಯಿತು.

ನಕಲಿ ತಾಣವನ್ನು ಅಸಲಿಗೆ ಏರಿಸಿದ ಮೇಲೆ ಮೊದಲು ನೋಡಬೇಕಾದದ್ದು ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್. ನಕಲಿನಲ್ಲಿ ಹುಡುಕಾಟ ಯಂತ್ರಗಳನ್ನು ದೂರವಿಡಲು ಹಾಕಿದ ಟಿಕ್ ಹಾಗೇ ಏರಿಬಂದರೆ ಇಡೀ ತಾಣಕ್ಕೆ ನೋಇಂಡೆಕ್ಸ್, ಅಂದರೆ ಇಂಡೆಕ್ಸ್ ಮಾಡಬೇಡಿ ಎಂಬ ಸೂಚನೆ. ಬೇಡದ ಪುಟವನ್ನು, ಯಂತ್ರಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ತಡೆದು, ಜೊತೆಗೆ ನೋಇಂಡೆಕ್ಸ್ ಕೂಡ ಹಾಕುವುದು ಇನ್ನೊಂದು ಎಡವಟ್ಟು: ಒಳಗೆ ಬರಲು ಬಿಡದಿದ್ದರೆ ಗೂಗಲ್ ಆ ಸೂಚನೆ ಓದುವುದೇ ಇಲ್ಲ. ಆಮೇಲೆ ಸೈಟ್‌ಮ್ಯಾಪ್ ಸಲ್ಲಿಸಿ, ತಿದ್ದಿದ ಪುಟಗಳಿಗೆ ಮಾತ್ರ ಇಂಡೆಕ್ಸಿಂಗ್ ಕೋರಿಕೆ. ದಿನಕ್ಕೆ ಹತ್ತು ಸಲ ಒತ್ತಿದರೆ ಬೇಗ ಆಗುವುದಿಲ್ಲ.

ಅಳತೆ

ಈ ವಿಷಯಕ್ಕೆ ಋತು ಇದೆ. ಜೂನ್‌ನ ಏರಿಕೆಯನ್ನು ಮೇ ಜೊತೆ ಹೋಲಿಸಿ ರಿಪೇರಿ ಫಲಿಸಿತು ಎಂದರೆ ಮಳೆಯ ಕೆಲಸಕ್ಕೆ ನಾವು ಹೆಸರು ಹಾಕಿಕೊಂಡಂತೆ. ಹೋಲಿಸಬೇಕಾದದ್ದು ಹಿಂದಿನ ವರ್ಷದ ಜೂನ್-ಆಗಸ್ಟ್ ಜೊತೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಡುವುದರಿಂದ ಪ್ರತಿ ಮಳೆಗಾಲ ಮುಗಿದ ಕೂಡಲೇ ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಬೇಕು. ಸರಾಸರಿ ಸ್ಥಾನವನ್ನು ಒಂಟಿಯಾಗಿ ನೋಡಬೇಡಿ: ಪುಟ ಹೊಸ ಹುಡುಕಾಟಗಳಿಗೆ ಕೆಳಗಿನ ಸ್ಥಾನದಲ್ಲಿ ಕಾಣತೊಡಗಿದರೆ ಸರಾಸರಿ ಇಳಿಯುತ್ತದೆ, ಬಂದದ್ದು ಮಾತ್ರ ಲಾಭವೇ. ಕಾಣಿಸಿಕೊಂಡ ಸಂಖ್ಯೆ ಹೆಚ್ಚಿದ್ದು ಕ್ಲಿಕ್ ಕಮ್ಮಿಯಿದ್ದರೆ ಶೀರ್ಷಿಕೆ ತಿದ್ದಿ; ಕಾಣಿಸಿಕೊಂಡದ್ದೇ ಕಮ್ಮಿಯಿದ್ದರೆ ಪದ ಅಥವಾ ಅಕ್ಷರದ ಕಡೆ ಮತ್ತೆ ಹೋಗಿ.

ಬಾಕಿ ಉಳಿದಿರುವುದು ಹಳೆಯ ಪಿಡಿಎಫ್ ಕೈಪಿಡಿಗಳು. ಗೂಗಲ್ ಪಿಡಿಎಫ್ ಓದುತ್ತದೆ, ಆದರೆ ಇವುಗಳ ಒಳಗಿರುವುದೂ ಆಸ್ಕಿಯೇ. ಪ್ರತಿಯೊಂದರಿಂದ ಪಠ್ಯ ತೆಗೆದು, ಮೇಲಿನ ಕ್ರಮದಲ್ಲೇ ಪರಿವರ್ತಿಸಿ ಪುಟವಾಗಿ ಹಾಕಬೇಕು, ಪಿಡಿಎಫ್ ಅದರ ಕೆಳಗೆ ಇಳಿಸಿಕೊಳ್ಳುವವರಿಗೆ ಇರಲಿ. ಮಳೆಗಾಲಕ್ಕೆ ಬೇಕಾದ ಕೈಪಿಡಿಗಳನ್ನು ಫೆಬ್ರವರಿಯೊಳಗೆ ಏರಿಸಿದರೆ ಮೇ ಹೊತ್ತಿಗೆ ಇಂಡೆಕ್ಸ್ ಆಗಲು ಸಮಯ ಸಿಗುತ್ತದೆ.